ಯುರೋಪು ಒಪ್ಪದ ನನ್ನ ಕಪ್ಪು ಬಾಟಲಿ

ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ ‘ಪ್ಯಾಕೇಜಿಂಗ್ ವಿಭಾಗದ ಮುಖ್ಯಸ್ಥ’ ಎನ್ನುತ್ತೇನೆ. ಆ ವಿಭಾಗದಲ್ಲಿ ಇರುವವನು ನಾನೊಬ್ಬನೇ, ಹಾಗಾಗಿ ಮುಖ್ಯಸ್ಥನಾಗಲು ಹೆಚ್ಚು ಪೈಪೋಟಿ ಇರಲಿಲ್ಲ. ನಮ್ಮ ಅಕ್ಕ ತಯಾರಿಸುವ ಶಾಂಪೂ, ಕಂಡೀಷನರ್, ಕೂದಲಿಗೆ ಹಚ್ಚುವ ಕ್ರೀಮುಗಳಿಗೆ ಬಾಟಲಿ, ಡಬ್ಬಿ, ಮುಚ್ಚಳ, ಲೇಬಲ್ಲು ಹೊಂದಿಸಿ ಕೊಡುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ಎದುರಿಗೆ ನನ್ನನ್ನು ಸಾರ್ ಎನ್ನುತ್ತಾರೆ, ಬೆನ್ನ ಹಿಂದೆ ‘ಮುಚ್ಚಳ’ ಎನ್ನುತ್ತಾರೆ. “ಮುಚ್ಚಳ ಬಂತಾ?” “ಬಂತು, ಮೇಲೆ ಹೋಯ್ತು” ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಎಷ್ಟೋ ದಿನ ನಾನು ಅದನ್ನು ಸರಕಿನ ವಿಷಯವೆಂದೇ ತಿಳಿದಿದ್ದೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವಳು ಆ ಕೆಲಸ ಬಿಟ್ಟು, ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಸ್ಟೀಲ್ ಪಾತ್ರೆ, ಒಂದು ತಕ್ಕಡಿ ಇಟ್ಟುಕೊಂಡು ಶಾಂಪೂ ಮಾಡತೊಡಗಿದಳು. ಆ ಹೊತ್ತಿಗೆ ನಾನು ಫೋಟೋ ಸ್ಟುಡಿಯೋ ತೆರೆದು ಮುಚ್ಚಿದ್ದೆ. ವಿಮೆ ಮಾರಲು ಹೋಗಿ ಅರ್ಧ ನೆಂಟರನ್ನು ಕಳೆದುಕೊಂಡಿದ್ದೆ. “ನಿನ್ನ ತಮ್ಮನಿಗೆ ಏನು ಬರುತ್ತೆ?” ಎಂದು ಭಾವ ಕೇಳಿದಾಗ ಅಕ್ಕ ಬಹಳ ಹೊತ್ತು ಯೋಚಿಸಿ, “ಯಾವುದು ಚೆನ್ನಾಗಿ ಕಾಣುತ್ತೆ ಅಂತ ಅವನಿಗೆ ಗೊತ್ತಾಗುತ್ತೆ” ಎಂದಳಂತೆ. ಅಷ್ಟೇ ನನ್ನ ಅರ್ಹತೆ. ಅದರ ಮೇಲೆ ಇಪ್ಪತ್ತೆರಡು ವರ್ಷ ನಡೆದುಬಂದಿದ್ದೇನೆ.

ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ ಮಹಾಕೃತಿಗಳು ಎರಡು. ಒಂದು, ನಮ್ಮ ಶಾಂಪೂವಿನ ಕಪ್ಪು ಬಾಟಲಿ. ಹೊಳೆಯುವ ಕಡುಗಪ್ಪು ಮೈ, ಕೊರಳಿಗೆ ಚಿನ್ನದ ಬಣ್ಣದ ಪಟ್ಟಿ, ಮೇಲೆ ಚಿನ್ನದ ಬಣ್ಣದ್ದೇ ಪಂಪು, ಮೈಮೇಲೆ ತೆಳ್ಳಗಿನ ಚಿನ್ನದ ಅಕ್ಷರ. ಅದರ ಭುಜದ ಇಳಿಜಾರು ಸರಿಹೋಗಲು ಬಾಟಲಿ ತಯಾರಕನ ಬಳಿಗೆ ಹದಿನೇಳು ಸಲ ಅಲೆದಿದ್ದೆ. ಕೊನೆಕೊನೆಗೆ ಆತ ನನ್ನನ್ನು ಕಂಡರೆ ಹಿಂಬಾಗಿಲಿನಿಂದ ಹೋಗಿಬಿಡುತ್ತಿದ್ದ. ಎರಡನೆಯದು ಕ್ರೀಮಿನ ಡಬ್ಬಿ. ಹೊರಗಿನಿಂದ ನೋಡಿದರೆ ಎರಡು ಕೈಯಲ್ಲಿ ಹಿಡಿಯಬೇಕೆನ್ನುವಷ್ಟು ಗಾತ್ರ. ಒಳಗೆ ಇನ್ನೊಂದು ಗೋಡೆ, ಎತ್ತರಿಸಿದ ತಳ. ಕ್ರೀಮು ಕೂರುವುದು ನಡುವೆ ಇರುವ ಸಣ್ಣ ಬಟ್ಟಲಿನಲ್ಲಿ. ಇದನ್ನು ನಾನು ‘ಗಾಂಭೀರ್ಯ’ ಎಂದು ಕರೆಯುತ್ತಿದ್ದೆ.

ಅಂಗಡಿಗೆ ಹೋದರೆ ನನ್ನ ಹೆಂಡತಿ ನನ್ನಿಂದ ನಾಲ್ಕು ಹೆಜ್ಜೆ ದೂರ ನಿಲ್ಲುತ್ತಾಳೆ. ಶಾಂಪೂ ಕಪಾಟಿನ ಮುಂದೆ ನಾನು ಒಂದೊಂದೇ ಬಾಟಲಿ ತೆಗೆದು ಅಮುಕಿ, ತಿರುಗಿಸಿ, ತಳ ನೋಡಿ, ಮುಚ್ಚಳ ತೆಗೆದು ಕಿವಿಯ ಬಳಿ ಟಕ್ ಎನ್ನಿಸುತ್ತೇನೆ. ಎರಡು ಸಲ ಕಾವಲಿನವರು ಬಂದು ಜೇಬು ತೋರಿಸಿ ಎಂದಿದ್ದಾರೆ. ಪಕ್ಕದಲ್ಲಿ ನಮ್ಮ ಕಪ್ಪು ಬಾಟಲಿ ಇದ್ದರಂತೂ ಅದನ್ನು ಸ್ವಲ್ಪ ಮುಂದಕ್ಕೆ ಎಳೆದಿಟ್ಟೇ ಬರುತ್ತಿದ್ದೆ.

ಹೀಗಿರುವಾಗ ಯುರೋಪಿನಿಂದ ಪತ್ರ ಬಂತು. ಅಲ್ಲಿನ ಕೆಲವು ದೇಶಗಳಲ್ಲಿ ಅಂಗಡಿ ಇಟ್ಟಿರುವ ಒಂದು ಕಂಪನಿಯವರು ಯಾವುದೋ ಪ್ರದರ್ಶನದಲ್ಲಿ ಅಕ್ಕನ ಶಾಂಪೂ ಮತ್ತು ಕ್ರೀಮು ಬಳಸಿ ನೋಡಿ ಮೆಚ್ಚಿಕೊಂಡಿದ್ದರು. ಆದರೆ ತರಿಸಿಕೊಳ್ಳುವ ಮೊದಲು ಪ್ಯಾಕೇಜಿಂಗ್ ಬಗ್ಗೆ ಕೆಲವು ವಿವರ ಬೇಕು ಎಂದು ಆರು ಪುಟದ ಪ್ರಶ್ನೆಪತ್ರಿಕೆ ಕಳಿಸಿದ್ದರು. ಅಕ್ಕ ಅದನ್ನು ನನ್ನ ಮೇಜಿನ ಮೇಲಿಟ್ಟು, “ಇದು ನಿನ್ನದು. ಲ್ಯಾಬ್ ಮೇಡಂ ಹತ್ರ ಕೂತು ಬರಿ” ಎಂದಳು.

ಲ್ಯಾಬ್ ಮೇಡಂ ನಮ್ಮಲ್ಲಿಗೆ ಬಂದು ಆಗ ಒಂದು ವರ್ಷವಾಗಿತ್ತು. ಗುಣಮಟ್ಟ ನೋಡಿಕೊಳ್ಳುವ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಯಾವುದನ್ನೂ ಅಳೆಯದೆ ನಂಬುವವಳಲ್ಲ, ಕೊಟ್ಟ ಕಾಫಿ ಬಿಸಿ ಇದೆ ಎಂದರೂ ಮುಟ್ಟಿ ನೋಡುತ್ತಾಳೆ. ಅವಳ ಬಳಿ ಕೂರುವುದೇಕೆ, ಬಾಟಲಿಯ ವಿಷಯ ನನಗಿಂತ ಯಾರಿಗೆ ಗೊತ್ತು ಎಂದುಕೊಂಡು ನಾನೊಬ್ಬನೇ ಬಾಗಿಲು ಹಾಕಿಕೊಂಡು ಉತ್ತರ ಬರೆದೆ.

ಬಾಟಲಿ ಯಾವ ವಸ್ತುವಿನದು? ‘ಉತ್ತಮ ದರ್ಜೆಯ ಪ್ಲಾಸ್ಟಿಕ್.’ ಬಣ್ಣಕ್ಕೆ ಏನು ಬಳಸಿದ್ದೀರಿ? ‘ಅಪ್ಪಟ ಕಪ್ಪು.’ ಪಂಪಿನ ಒಳಗಿನ ಭಾಗಗಳ ವಿವರ ಕೊಡಿ. ‘ಎಲ್ಲವೂ ಚೆನ್ನಾಗಿ ಕೆಲಸ ಮಾಡುತ್ತಿವೆ.’ ಡಬ್ಬಿಯಲ್ಲಿ ಖಾಲಿ ಜಾಗ ಎಷ್ಟಿದೆ? ‘ಸಾಕಷ್ಟು.’

ಹತ್ತು ದಿನಕ್ಕೆ ಮರುಪತ್ರ ಬಂತು. ಲ್ಯಾಬ್ ಮೇಡಂ ಅದನ್ನು ಅಕ್ಕನ ಎದುರಿಗೇ ಓದಿದಳು. ನಮ್ಮ ಉತ್ತರಗಳು ಸಂತೋಷ ತಂದಿವೆ, ಆದರೆ ಉಪಯೋಗಕ್ಕೆ ಬರಲಿಲ್ಲ ಎಂಬರ್ಥದ ಎರಡು ಸಾಲು. ಕೆಳಗೆ ಮತ್ತೆ ಅದೇ ಆರು ಪುಟ.

“ಏನೋ ಇದು? ಡಬ್ಬಿಯಲ್ಲಿ ಖಾಲಿ ಜಾಗ ಸಾಕಷ್ಟು ಅಂತ ಹೆಮ್ಮೆಯಿಂದ ಬರೆದಿದ್ದೀಯಲ್ಲೋ!” ಎಂದಳು ಅಕ್ಕ.

“ಇದೆ ಅಂತ ಹೇಳಿದರೆ ಒಳ್ಳೇದು ಅಂದುಕೊಂಡೆ.”

ಲ್ಯಾಬ್ ಮೇಡಂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. “ಸಾರ್, ಅಲ್ಲಿ ರೂಲ್ಸು ಬಿಗಿ ಆಗ್ತಾ ಇದೆ. ಕೆಲವು ಈಗಾಗ್ಲೇ ಇದೆ, ಕೆಲವು ಇನ್ನು ಕೆಲವೇ ವರ್ಷದಲ್ಲಿ ಬರುತ್ತೆ. ಇವರು ಈಗಿನಿಂದಲೇ ಎಲ್ಲಾ ಸರಿ ಇರಬೇಕು ಅಂತಿದ್ದಾರೆ. ಬಳಸಿ ಬಿಸಾಕಿದ ಬಾಟಲಿ ಮತ್ತೆ ಕರಗಿಸಿ ಉಪಯೋಗಿಸೋ ಹಾಗಿರಬೇಕು. ಒಳಗಿರೋದಕ್ಕಿಂತ ಹೆಚ್ಚು ಇದೆ ಅಂತ ತೋರಿಸೋಕೆ ಎರಡು ಗೋಡೆ, ಸುಳ್ಳು ತಳ ಇಡೋ ಹಾಗಿಲ್ಲ.”

“ಸುಳ್ಳು ತಳ ಅಲ್ಲ ಮೇಡಂ, ಎತ್ತರಿಸಿದ ತಳ.”

“ಅವರು ಸುಳ್ಳು ತಳ ಅಂತಾನೇ ಬರೆದಿದ್ದಾರೆ ಸಾರ್.”

ಡಬ್ಬಿ ಹೋದರೆ ಹೋಗಲಿ, ಕಪ್ಪು ಬಾಟಲಿಗೆ ಏನಾಗಿದೆ ಎಂದು ಕೇಳಿದೆ. ಮರುದಿನ ಮಧ್ಯಾಹ್ನ ಅವಳು ನನ್ನನ್ನು ಊರಾಚೆಯ ಕಸ ವಿಂಗಡಿಸುವ ಶೆಡ್ಡಿಗೆ ಕರೆದುಕೊಂಡು ಹೋದಳು. ತಗಡಿನ ಚಾವಣಿ, ಕಿವಿ ಗಡಚಿಕ್ಕುವ ಸದ್ದು, ಹುಳಿ ವಾಸನೆ. ಉದ್ದನೆಯ ಬೆಲ್ಟಿನ ಮೇಲೆ ಊರಿನ ಖಾಲಿ ಬಾಟಲಿಗಳೆಲ್ಲ ಮೆರವಣಿಗೆ ಹೊರಟಿದ್ದವು. ನಡುವೆ ಒಂದು ಪೆಟ್ಟಿಗೆ. ಅದರೊಳಗಿನ ಬೆಳಕು ಬಾಟಲಿಯ ಮೇಲೆ ಬಿದ್ದು, ವಾಪಸು ಬಂದ ಬೆಳಕಿನಿಂದ ಇದು ಯಾವ ಪ್ಲಾಸ್ಟಿಕ್ ಎಂದು ಯಂತ್ರಕ್ಕೆ ತಿಳಿಯುತ್ತದೆ. ತಿಳಿದ ಕೂಡಲೇ ಗಾಳಿ ‘ಫುಸ್’ ಎಂದು ಊದಿ ಬಾಟಲಿಯನ್ನು ಅದರದರ ಗುಂಡಿಗೆ ಹಾರಿಸುತ್ತದೆ. ನೀರಿನ ಬಾಟಲಿ, ಫುಸ್. ಹಾಲಿನ ಕ್ಯಾನು, ಫುಸ್. ಸೋಪಿನ ಪುಡಿಯ ಡಬ್ಬಿ, ಫುಸ್.

ಲ್ಯಾಬ್ ಮೇಡಂ ಚೀಲದಿಂದ ನಮ್ಮ ಕಪ್ಪು ಬಾಟಲಿಗಳನ್ನು ತೆಗೆದು ಒಂದೊಂದಾಗಿ ಬೆಲ್ಟಿನ ಮೇಲೆ ಬಿಟ್ಟಳು. ಮೊದಲನೆಯದು ಗಂಭೀರವಾಗಿ, ಚಿನ್ನದ ಕೊರಳೆತ್ತಿಕೊಂಡು ಪೆಟ್ಟಿಗೆಯೊಳಗೆ ಹೋಯಿತು. ಗಂಭೀರವಾಗಿಯೇ ಹೊರಗೆ ಬಂತು. ಗಾಳಿ ಊದಲಿಲ್ಲ. ಕೊನೆಯಲ್ಲಿ ಯಾತಕ್ಕೂ ಬಾರದ ಕಸದ ರಾಶಿಗೆ ತೊಪ್ಪೆಂದು ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದೂ ಹಾಗೆಯೇ.

“ಕಪ್ಪು ಬಣ್ಣ ಬೆಳಕನ್ನೆಲ್ಲ ನುಂಗಿಬಿಡುತ್ತೆ ಸಾರ್. ವಾಪಸು ಏನೂ ಬರಲ್ಲ. ಯಂತ್ರದ ಲೆಕ್ಕದಲ್ಲಿ ಅಲ್ಲಿ ಬಾಟಲೀನೇ ಇಲ್ಲ” ಎಂದಳು ಮೇಡಂ.

ಹತ್ತಿರ ಕೈಗವಸು ಹಾಕಿಕೊಂಡು ಕಸ ಆರಿಸುತ್ತಿದ್ದ ಹೆಂಗಸೊಬ್ಬರು ನನ್ನ ಕಡೆ ತಿರುಗಿದರು. “ಈ ಕರೀ ಬಾಟಲಿ ನಿಮ್ದಾ? ದಿನಾ ಬರುತ್ತೆ ಸ್ವಾಮಿ. ಕೈಯಲ್ಲಿ ಬಿಚ್ಚೋಣ ಅಂದ್ರೆ ಪಂಪೊಳಗೆ ಕಬ್ಬಿಣದ ಸ್ಪ್ರಿಂಗು, ಕೊರಳಲ್ಲಿ ತಗಡು. ನೋಡಿ ಅಲ್ಲಿ.” ಅವರು ತೋರಿಸಿದ ಮೂಲೆಯಲ್ಲಿ ನನ್ನ ಬಾಟಲಿಗಳು ಮೊಣಕಾಲೆತ್ತರಕ್ಕೆ ಬಿದ್ದಿದ್ದವು.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅದನ್ನು ಕಂಡಾಗ ನನಗೆ ಮೊದಲು ಆದದ್ದು ಖುಷಿ. ಅಬ್ಬಾ, ನಮ್ಮ ಶಾಂಪೂ ಇಷ್ಟೊಂದು ಖರ್ಚಾಗುತ್ತಿದೆಯಲ್ಲ ಎಂದು! ದುಃಖ ಆಮೇಲೆ, ವಾಪಸು ಬರುವಾಗ ಬಸ್ಸಿನಲ್ಲಿ ಆಯಿತು. ಜನರ ಕಣ್ಣು ಸೆಳೆಯಬೇಕೆಂದು ಹದಿನೇಳು ಸಲ ಅಲೆದು ಮಾಡಿಸಿದ ಬಾಟಲಿ, ಯಂತ್ರದ ಕಣ್ಣಿಗೆ ಒಂದು ಸಲವೂ ಬೀಳಲಿಲ್ಲ.

ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೇ ಮೇಡಂ ಕೈಗೆ ಕೆಲಸ ಒಪ್ಪಿಸಿ ಸುಮ್ಮನಾಗುತ್ತಿದ್ದ. ನಾನು ಮಾತ್ರ, “ನನಗೆ ಎರಡು ತಿಂಗಳು ಕೊಡು. ಯುರೋಪೇ ಬೆರಗಾಗೋ ಹಾಗೆ ಮಾಡ್ತೀನಿ” ಎಂದು ಅಕ್ಕನಿಗೆ ಮಾತು ಕೊಟ್ಟೆ. ಅಕ್ಕ ಕನ್ನಡಕದ ಮೇಲಿನಿಂದ ನೋಡಿ, “ಬೆರಗಾಗೋದು ಬೇಡ, ಒಪ್ಪಿದರೆ ಸಾಕು” ಎಂದಳು.

ಮೊದಲು ನನಗೆ ಸಿಕ್ಕಿದವನು ಮಣ್ಣಿನಲ್ಲಿ ಕರಗುವ ಬಾಟಲಿ ಮಾರುವವನು. ಪ್ಯಾಕೇಜಿಂಗ್ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಿದ್ದ. ತಿಳಿಹಸಿರು ಕೋಟು, ಜೇನಿನಂಥ ಮಾತು. “ಮಣ್ಣಲ್ಲಿ ಹೂತುಬಿಡಿ ಸಾರ್, ಆರು ವಾರಕ್ಕೆ ಗೊಬ್ಬರ” ಎಂದ. ನಾನು ಮೂರು ಬಾಟಲಿ ತಂದೆ. ನಾನೂ ಈಗ ಲ್ಯಾಬ್ ಮೇಡಂ ಹಾಗೆ ಪರೀಕ್ಷೆ ಮಾಡದೆ ನಂಬುವವನಲ್ಲ. ಹೆಂಡತಿಯ ದೊಡ್ಡ ಗುಲಾಬಿ ಕುಂಡದಲ್ಲಿ, ಬೇರು ಸರಿಸಿ, ಒಂದನ್ನು ಹೂತೆ. ದಿನಾ ಬೆಳಿಗ್ಗೆ ನೀರು ಹಾಕಿದೆ.

“ಇದೇನು ರೀ, ಇದ್ದಕ್ಕಿದ್ದ ಹಾಗೆ ನನ್ನ ಗಿಡದ ಮೇಲೆ ಪ್ರೀತಿ?” ಎಂದು ಹೆಂಡತಿ ಸಂಶಯಪಟ್ಟಳು.

ನಾಲ್ಕನೇ ವಾರ ಗುಲಾಬಿ ಎಲೆ ಉದುರಿಸಿತು. ಆರನೇ ವಾರ ಕಡ್ಡಿಯಾಯಿತು. ನಾನು ಕುಂಡ ಅಗೆದೆ. ಬಾಟಲಿ ಹಾಗೇ ಇತ್ತು. ತೊಳೆದರೆ ಮಳಿಗೆಯಲ್ಲಿದ್ದಾಗಿನದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಉಳಿದ ಎರಡನ್ನು ಲ್ಯಾಬ್ ಮೇಡಂಗೆ ಕೊಟ್ಟಾಗ ಅವಳು ಕಾಗದಪತ್ರ ನೋಡಿ, “ಸಾರ್, ಇದಕ್ಕೆ ಬೆರೆಸಿರೋ ಪುಡಿ ಪ್ಲಾಸ್ಟಿಕ್ಕನ್ನ ಚೂರುಚೂರು ಮಾಡುತ್ತೆ, ಅಷ್ಟೇ. ಕರಗಲ್ಲ. ಈ ಜಾತಿ ಪ್ಲಾಸ್ಟಿಕ್ಕನ್ನೇ ಅಲ್ಲಿ ಬಂದ್ ಮಾಡಿದ್ದಾರೆ” ಎಂದಳು. ಚೂರು ಕೂಡ ಆಗಿಲ್ಲ ಎಂದು ನಾನು ಹೇಳಲು ಹೋಗಲಿಲ್ಲ. ಗುಲಾಬಿಯ ವಿಷಯವನ್ನೂ ಹೇಳಲಿಲ್ಲ.

ಆಮೇಲೆ ಗಾಜು ಹೊಳೆಯಿತು. ಗಾಜಿಗೆ ಯಾರು ತಕರಾರು ಮಾಡುತ್ತಾರೆ? ಎಷ್ಟು ಸಲ ಬೇಕಾದರೂ ಕರಗಿಸಬಹುದು, ನೋಡಲು ಸುಗಂಧದ್ರವ್ಯದ ಬಾಟಲಿಯ ಹಾಗೆ. ಕಾಲು ಲೀಟರ್ ಹಿಡಿಯುವ, ದಪ್ಪ ತಳದ ಒಂದು ಮಾದರಿ ತರಿಸಿದೆ. ಖಾಲಿ ಇದ್ದಾಗಲೇ ಕೈಗೆ ಭಾರ. ಅದಕ್ಕೆ ಶಾಂಪೂ ತುಂಬಿ, ಮನೆಯ ಬಚ್ಚಲಿಗೆ ಒಯ್ದು, ನಾನೇ ಮೊದಲ ಗಿರಾಕಿಯಾದೆ. ತಲೆಗೆ ನೀರು ಹಾಕಿಕೊಂಡೆ, ಕಣ್ಣು ಮುಚ್ಚಿದೆ, ಒದ್ದೆ ಕೈಯಲ್ಲಿ ಬಾಟಲಿ ಎತ್ತಿದೆ.

ಗಾಜು ಒಡೆಯಲಿಲ್ಲ. ಅದು ನಿಜಕ್ಕೂ ಗಟ್ಟಿ ಬಾಟಲಿ. ಒಡೆದದ್ದು ನನ್ನ ಬಲಗಾಲಿನ ಹೆಬ್ಬೆರಳು.

ಮೂಳೆ ಡಾಕ್ಟರು ಎಕ್ಸ್-ರೇ ಹಿಡಿದು, “ಏನು ಬಿತ್ತು?” ಎಂದು ಕೇಳಿದರು. “ಶಾಂಪೂ” ಎಂದೆ. ಅವರು ಇನ್ನೇನೂ ಕೇಳದೆ ಪಟ್ಟಿ ಹಾಕಿ, ಮೂರು ವಾರ ಮನೆಯಲ್ಲಿರಿ ಎಂದು ಕಳಿಸಿದರು.

ಆ ಮೂರು ವಾರದಲ್ಲೇ ನನ್ನ ಕಣ್ಣು ತೆರೆದದ್ದು. ಅದೂ ಬಚ್ಚಲಲ್ಲೇ. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸ್ಟೂಲಿನ ಮೇಲೆ ಕೂರಿಸಿ, ಹೆಂಡತಿ ನೀರು ಹದ ಮಾಡಿಕೊಟ್ಟಿದ್ದಳು. “ಶಾಂಪೂ ಕೊಡೇ” ಎಂದು ಕೈ ಚಾಚಿದೆ. ಅವಳು ಅಭ್ಯಾಸಬಲದಿಂದ ನನ್ನ ಕೈಯಲ್ಲಿಟ್ಟದ್ದು ಜೇನುತುಪ್ಪದ ಬಾಟಲಿ. ಪಾರದರ್ಶಕ, ಮೆತ್ತಗೆ, ಮೇಲೆ ಜೇನುನೊಣದ ಚಿತ್ರ ಅರ್ಧ ಅಳಿಸಿಹೋಗಿತ್ತು.

“ಇದೇನೇ, ತಲೆಗೆ ಜೇನುತುಪ್ಪ ಹಚ್ಚಿಕೊಳ್ಳಲಾ?”

“ಅದರಲ್ಲಿರೋದು ನಿಮ್ಮ ಶಾಂಪೂನೇ ರೀ” ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

“ನಮ್ಮ ಬಾಟಲಿಗೆ ಏನಾಯ್ತು?”

ಬಾಗಿಲ ಹೊರಗಿನಿಂದ ನಮ್ಮ ಅತ್ತೆಯ ದನಿ ಬಂತು. ಹೆಂಡತಿಯ ತಾಯಿ, ಎಪ್ಪತ್ತೆಂಟು ವರ್ಷ, ನಮ್ಮ ಜೊತೆಯಲ್ಲೇ ಇರುತ್ತಾರೆ. “ಹೇಳಿಬಿಡೇ, ಎಷ್ಟು ದಿನ ಅಂತ ಮುಚ್ಚಿಡ್ತೀಯಾ?”

ಸಂಗತಿ ಹೀಗಿತ್ತು. ಪ್ರತಿ ಸಲ ನಾನು ಹೆಮ್ಮೆಯಿಂದ ಕಪ್ಪು ಬಾಟಲಿ ತಂದುಕೊಟ್ಟ ಕೂಡಲೇ ತಾಯಿ ಮಗಳು ಸೇರಿ ಅದರ ಪಂಪು ಬಿಚ್ಚಿ, ಶಾಂಪೂವನ್ನು ಜೇನಿನ ಬಾಟಲಿಗೆ ಬಗ್ಗಿಸಿಕೊಳ್ಳುತ್ತಿದ್ದರು. ನನ್ನ ಮಟ್ಟಿಗೆ ಒಂದಿಷ್ಟನ್ನು ಕಪ್ಪು ಬಾಟಲಿಯಲ್ಲೇ ಉಳಿಸುತ್ತಿದ್ದರು. ನಾನು ಸ್ನಾನಕ್ಕೆ ಹೋಗುವ ಮುಂಚೆ ಅದನ್ನು ಎದುರಿಗಿಟ್ಟು ಜೇನಿನದನ್ನು ಬಕೆಟ್ಟಿನ ಹಿಂದೆ ಅಡಗಿಸುತ್ತಿದ್ದರು.

“ಎಷ್ಟು ದಿನದಿಂದ?” ಎಂದು ಕೇಳಿದೆ.

“ದಿನ ಎಲ್ಲಿ ಬಂತು ಅಳಿಯಂದ್ರೇ, ಆರು ವರ್ಷ ಆಯ್ತು” ಎಂದರು ಅತ್ತೆ.

ತಲೆಯಿಂದ ನೊರೆ ಇಳಿದು ಕಣ್ಣು ಉರಿಯತೊಡಗಿತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೇ ಕಾರಣ ಎಂದು ಇಟ್ಟುಕೊಳ್ಳೋಣ.

ಸ್ನಾನ ಮುಗಿಸಿ ಕೋಣೆಯಲ್ಲಿ ಕೂತು ಅತ್ತೆಯನ್ನು ಕರೆದೆ. ಏನು ತೊಂದರೆ, ಬಿಚ್ಚಿ ಹೇಳಿ ಎಂದೆ. ಅವರಿಗೆ ಸಂಕೋಚ. “ನೀವು ಕಷ್ಟಪಟ್ಟು ಮಾಡಿದ್ದು. ನಾನು ಓದಿದೋಳಲ್ಲ…”

“ಹೇಳಿ ಅತ್ತೆ. ಕಸದ ಶೆಡ್ಡಲ್ಲೇ ಹೇಳಿಸಿಕೊಂಡು ಬಂದಿದ್ದೀನಿ.”

ಆಗ ಅವರು ಶುರುಮಾಡಿದರು. ನೋಡಿ, ಕಪ್ಪು ಬಾಟಲಿಯಲ್ಲಿ ಎಷ್ಟು ಉಳಿದಿದೆ ಅಂತ ಕಾಣಲ್ಲ. ತಲೆ ನೆನೆಸಿಕೊಂಡ ಮೇಲೆ ಖಾಲಿ ಅಂತ ಗೊತ್ತಾಗುತ್ತೆ. ಚಿನ್ನದ ಅಕ್ಷರ ಕನ್ನಡಕ ಹಾಕಿದರೂ ಕಾಣಲ್ಲ, ಬಚ್ಚಲಲ್ಲಿ ಕನ್ನಡಕ ಯಾರು ಹಾಕ್ತಾರೆ? ಒಂದು ಸಲ ಕಂಡೀಷನರನ್ನೇ ಶಾಂಪೂ ಅಂತ ಎರಡು ಸಲ ಹಾಕಿಕೊಂಡು, ನೊರೆ ಬರಲಿಲ್ಲ, ಅಳಿಯ ಏನೋ ಕಡಿಮೆ ಹಾಕಿದ್ದಾರೆ ಅಂದುಕೊಂಡೆ. ಪಂಪು ಒತ್ತೋಕೆ ನನ್ನ ಬೆರಳಲ್ಲಿ ಶಕ್ತಿ ಇಲ್ಲ. ಒತ್ತಿದರೆ ಗೋಡೆಗೆ ಹಾರುತ್ತೆ. ಇನ್ನೂ ಕಾಲು ಭಾಗ ಇರುವಾಗಲೇ ಅದು ಮೇಲಕ್ಕೆ ಎಳೆಯೋದು ನಿಲ್ಲಿಸುತ್ತೆ.

“ಮತ್ತೆ ಕ್ರೀಮಿನ ಡಬ್ಬಿ?” ಎಂದೆ, ಬಿದ್ದವನಿಗೆ ಇನ್ನೊಂದು ಬೀಳಲಿ ಎಂದು.

“ಅದರ ಮಾತು ಇನ್ನೊಂದು ದಿನ ಆಡೋಣ” ಎಂದು ಅತ್ತೆ ಎದ್ದುಹೋದರು.

ಮೂರು ವಾರ ಕಳೆದ ಮೇಲೆ ನಾನು ಕುಂಟುತ್ತಾ ಕಾರ್ಖಾನೆಗೆ ಹೋಗಿ ಲ್ಯಾಬ್ ಮೇಡಂ ಎದುರು ಕೂತೆ. “ನೀವು ಹೇಳಿ, ನಾನು ಬರ್ಕೋತೀನಿ” ಎಂದೆ. ಅವಳು ಒಂದು ಕ್ಷಣ ನನ್ನ ಕಾಲನ್ನೂ ಇನ್ನೊಂದು ಕ್ಷಣ ಮುಖವನ್ನೂ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡಳು. ಯಾವ ವಸ್ತು, ಯಾವ ಬಣ್ಣ, ಅಂಟು ಯಾವುದು, ಲೇಬಲ್ಲು ತೊಳೆದಾಗ ಬಿಡುತ್ತದೆಯೇ, ಬಾಟಲಿಯಿಂದ ಶಾಂಪೂವಿಗೆ ಏನಾದರೂ ಇಳಿಯುತ್ತದೆಯೇ, ಇವೆಲ್ಲವನ್ನೂ ಬಾಟಲಿ ತಯಾರಕರೇ ಬರೆದು ಸಹಿ ಹಾಕಿ ಕೊಡಬೇಕು. ಕೊಡದವರ ಮಾದರಿ ಎಷ್ಟೇ ಚೆಂದವಿದ್ದರೂ ಬೇಡ. ಹೀಗೆ ಸೋಸಿದ ಮೇಲೆ ತರಿಸಿದ್ದ ಮೂವತ್ತೊಂದು ಮಾದರಿ ಬಾಟಲಿಗಳಲ್ಲಿ ಹನ್ನೊಂದು ಉಳಿದವು.

“ಇದರಲ್ಲಿ ಯಾವುದು ಅಂತ ನೀವು ಆರಿಸಿ ಸಾರ್. ಚೆನ್ನಾಗಿ ಕಾಣೋದು ನಿಮಗೆ ಗೊತ್ತಾಗುತ್ತೆ” ಎಂದಳು. ವ್ಯಂಗ್ಯವಿರಲಿಲ್ಲ.

“ನಾನು ಆರಿಸಲ್ಲ. ನಮ್ಮ ಅತ್ತೆಯನ್ನ ಕರ್ಕೊಂಡು ಬರ್ತೀನಿ.”

ಅತ್ತೆ ಅದೇ ಮೊದಲು ಕಾರ್ಖಾನೆಗೆ ಬಂದದ್ದು. ಹೊಸ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಮನೆಯ ಟವೆಲು ಹಿಡಿದುಕೊಂಡು ಬಂದರು. ಮೀಟಿಂಗ್ ಕೋಣೆಯ ಮೇಜಿನ ಮೇಲೆ ಒಂದು ಬೋಗುಣಿ ನೀರು, ಹನ್ನೊಂದು ಬಾಟಲಿ. ಕನ್ನಡಕ ತೆಗೆಸಿದೆವು, ಕೈ ನೆನೆಸಿದೆವು. ಅವರು ಒಂದೊಂದೇ ಎತ್ತಿ, ತೆರೆದು, ಅಮುಕಿ, ಮುಚ್ಚಿದರು. ಲ್ಯಾಬ್ ಮೇಡಂ ಪಕ್ಕದಲ್ಲಿ ಗಡಿಯಾರ ಹಿಡಿದು ಬರೆದುಕೊಂಡಳು.

“ಇದು ಜಾರುತ್ತೆ. ಇದು ಉಗುರು ಮುರಿಯುತ್ತೆ. ಇದನ್ನ ತೆಗೆಯೋಕೆ ಪಕ್ಕದ ಮನೆಯವರನ್ನ ಕರೀಬೇಕು.” ಏಳನೆಯದಕ್ಕೆ ಬಂದಾಗ ಅತ್ತೆಯ ಕೈ ನಿಂತಿತು. ಪಾರದರ್ಶಕವಾದ, ಒಂದೇ ಬಗೆಯ ಪ್ಲಾಸ್ಟಿಕ್ಕಿನ, ಸೊಂಟದಲ್ಲಿ ಸ್ವಲ್ಪ ಒಳಸರಿದ ಸಾದಾ ಬಾಟಲಿ. ಪಂಪಿಲ್ಲ, ಹೆಬ್ಬೆರಳಲ್ಲಿ ಎತ್ತಿದರೆ ತೆರೆಯುವ ಮುಚ್ಚಳ. ಆ ಮುಚ್ಚಳದ ಮೇಲೆಯೇ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಬಹುದು. “ಇದು ಸರಿ ಇದೆ” ಎಂದು ಅತ್ತೆ ಅದನ್ನು ಟವೆಲಿನಲ್ಲಿ ಒರೆಸಿ ಬೇರೆ ಇಟ್ಟರು.

ಆಗಲೇ ಅವರ ಕಣ್ಣು ಕಪಾಟಿನ ಮೇಲಿದ್ದ ನನ್ನ ಹಳೆಯ ಕ್ರೀಮಿನ ಡಬ್ಬಿಯ ಮೇಲೆ ಬಿತ್ತು. ಅದನ್ನು ಇಳಿಸಿ ಮುಚ್ಚಳ ತೆಗೆದು, ಒಳಗೆ ಬೆರಳಿಟ್ಟು ಆಳ ನೋಡಿ, ಹೊರಗೆ ಬೆರಳಿಟ್ಟು ಎತ್ತರ ನೋಡಿದರು.

“ಅಳಿಯಂದ್ರೇ, ಇದಕ್ಕೆ ನೆಲಮಾಳಿಗೆ ಇದೆಯಾ?”

ಲ್ಯಾಬ್ ಮೇಡಂ ಮೊದಲ ಬಾರಿಗೆ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಅಕ್ಕ ಮಾತ್ರ ನಗಲಿಲ್ಲ. ಒಳಗೆ ಬಂದು ಕೂತಳು. “ನನಗೆ ಈ ಡಬ್ಬಿ ಯಾವತ್ತೂ ಇಷ್ಟ ಇರಲಿಲ್ಲ ಕಣೋ. ಅಂಗಡಿಯಲ್ಲಿ ಯಾರಾದರೂ ಅದನ್ನ ಎತ್ತಿಕೊಂಡರೆ ನಾನು ಮುಖ ತಿರುಗಿಸಿಕೊಳ್ತಿದ್ದೆ” ಎಂದಳು.

“ಮತ್ತೆ ಅವತ್ತೇ ಯಾಕೆ ಬೇಡ ಅನ್ನಲಿಲ್ಲ?”

“ನೀನು ಅದನ್ನ ತೋರಿಸೋಕೆ ಓಡಿ ಬಂದಿದ್ದೆ. ಸ್ಟುಡಿಯೋ ಮುಚ್ಚಿದ ಮೇಲೆ ನಿನ್ನ ಮುಖದಲ್ಲಿ ಅಷ್ಟು ಕಳೆ ನೋಡಿದ್ದು ಅದೇ ಮೊದಲು. ನನಗೆ ಬಾಯಿ ಬರಲಿಲ್ಲ.”

ಗಾಂಭೀರ್ಯ ಎಂದು ನಾನು ಕರೆದದ್ದನ್ನು ಕೊಂಡವರು ಮನೆಗೆ ಹೋಗಿ, ಮುಚ್ಚಳ ತೆಗೆದು, ಅತ್ತೆಯ ಹಾಗೆಯೇ ಬೆರಳಿಟ್ಟು ನೋಡಿರಬೇಕಲ್ಲವೇ? ಅವರ ಮುಖಗಳನ್ನು ಅಲ್ಲಿಯವರೆಗೆ ಒಮ್ಮೆಯೂ ಊಹಿಸಿಕೊಂಡವನಲ್ಲ ನಾನು. ಆ ಡಬ್ಬಿ ಯುರೋಪಿಗೆ ಮಾತ್ರವಲ್ಲ, ಎಲ್ಲಿಗೂ ಬೇಡ ಎಂದೆ. ಅಕ್ಕ ತಲೆಯಾಡಿಸಿದಳು. ಹೊಸ ಡಬ್ಬಿ ಒಂದೇ ಗೋಡೆಯದು. ಹಳೆಯದರ ಪಕ್ಕ ಇಟ್ಟರೆ ಮಗುವಿನಂತಿತ್ತು, ಆದರೆ ಹಿಡಿಯುತ್ತಿದ್ದ ಕ್ರೀಮು ಅಷ್ಟೇ.

ಬಾಟಲಿ ಪಾರದರ್ಶಕವಾದ ಮೇಲೆ ಅಕ್ಕನ ಸರದಿ ಬಂತು. ಬೆಳಕು, ಬಿಸಿ ತಡೆಯುತ್ತದೆಯೇ ಎಂದು ನೋಡಲು ಶಾಂಪೂ ತುಂಬಿ ಕಿಟಕಿಯಲ್ಲಿ ಕೆಲವು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೆಲವು ಇಟ್ಟರು. ಮೂರು ತಿಂಗಳಲ್ಲಿ ಕಿಟಕಿಯಲ್ಲಿದ್ದದ್ದರ ನೇರಳೆ ಬಣ್ಣ ಮಾಸಿ ಬಟ್ಟೆ ಒಗೆದ ನೀರಿನಂತಾಯಿತು. ಅಕ್ಕನಿಗೆ ಆ ನೇರಳೆ ಎಂದರೆ ಪ್ರಾಣ. ಎರಡು ದಿನ ಯಾರೊಂದಿಗೂ ಮಾತಾಡದೆ, ಮೂರನೆಯ ದಿನ ಬಣ್ಣವನ್ನೇ ತೆಗೆದುಬಿಟ್ಟಳು. “ನಿನ್ನ ಕಪ್ಪು ಹೋಯ್ತು, ನನ್ನ ನೇರಳೆಯೂ ಹೋಯ್ತು. ಸರಿಹೋಯ್ತಾ?” ಎಂದಳು. ನಾನು ಕಾಫಿ ತರಿಸಿದೆ.

ಉಳಿದದ್ದು ಲೇಬಲ್ಲು. ಅಲ್ಲಿ ನಮ್ಮ ಸರಕಿಗೆ ಹೊಣೆಗಾರರು ಯಾರು, ಅವರ ವಿಳಾಸ, ತೂಕ, ಯಾವ ಬ್ಯಾಚು, ಒಳಗೆ ಏನೇನಿದೆ, ಏನು ಎಚ್ಚರ ಬೇಕು, ಎಲ್ಲವೂ ಬೇಕು. ಎಚ್ಚರಿಕೆಯ ಮಾತು ಆಯಾ ದೇಶದ ಭಾಷೆಯಲ್ಲೇ ಇರಬೇಕು. ತೆರೆದ ಡಬ್ಬಿಯ ಒಂದು ಪುಟ್ಟ ಚಿತ್ರವೂ ಬೇಕೆಂದರು. ಒಳಗೆ 12 ಎಂಬ ಅಂಕಿ. ಅದು ಬೇರೆ ಯಾವುದೋ ಕಂಪನಿಯ ಗುರುತೆಂದು ತಿಳಿದು ನಾನು ಎರಡು ಸಲ ಅಳಿಸಿಹಾಕಿದ್ದೆ. ಮುಚ್ಚಳ ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದು ಎಂದು ಅದರರ್ಥ. ನಾಲ್ಕು ಭಾಷೆಯನ್ನು ಒಂದೇ ಲೇಬಲ್ಲಿನಲ್ಲಿ ತುರುಕಿದೆ. ಅಕ್ಷರ ಇರುವೆಯ ಸಾಲಾಯಿತು. ಲ್ಯಾಬ್ ಮೇಡಂ ಒಂದೊಂದು ದೇಶಕ್ಕೆ ಒಂದೊಂದು ಲೇಬಲ್ಲು ಮಾಡೋಣ ಎಂದಳು, ಮಾಡಿದೆವು. ಆದರೆ ಉಳಿದ ಜಾಗ ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಮೂಲೆಯಲ್ಲಿ ಒಂದು ಹಸಿರು ಎಲೆ ಬರೆಸಿ, ಕೆಳಗೆ ‘ಸಂಪೂರ್ಣ ಪರಿಸರಸ್ನೇಹಿ’ ಎಂದು ಅವರ ಭಾಷೆಯಲ್ಲಿ ಹಾಕಿಸಿದೆ.

ಕೊನೆಯ ಒಪ್ಪಿಗೆಗೆ ವಿಡಿಯೋ ಕರೆ ಇತ್ತು. ಆ ಕಡೆ ಪ್ಯಾಕೇಜಿಂಗ್ ನೋಡಿಕೊಳ್ಳುವ ನರೆಗೂದಲಿನ ಹೆಂಗಸು, ಗೋಡೆಯ ತುಂಬ ಕಡತ. ಈ ಕಡೆ ಅಕ್ಕ, ಲ್ಯಾಬ್ ಮೇಡಂ, ನಾನು. ಅತ್ತೆಯೂ ಬೋಗುಣಿ ಸಮೇತ ಹಾಜರು. ಯಾರು ಪರೀಕ್ಷೆ ಮಾಡಿದರು ಎಂದು ಆಕೆ ಕೇಳಿದಾಗ ಅತ್ತೆ ಕೈ ನೆನೆಸಿಕೊಂಡು, ಮುಚ್ಚಳ ಎತ್ತಿ, ಬಾಟಲಿ ಅಮುಕಿ, ತಲೆಕೆಳಗಾಗಿ ನಿಲ್ಲಿಸಿ ತೋರಿಸಿದರು. ಆ ಹೆಂಗಸು ಮುಂದಕ್ಕೆ ಬಾಗಿ ನೋಡಿ, ತನ್ನ ತಾಯಿಗೂ ಬೆರಳು ನೋವು ಎಂದಳಂತೆ. ಲ್ಯಾಬ್ ಮೇಡಂ ಅದನ್ನು ಹೇಳಿದಾಗ ಅತ್ತೆ, “ಬಿಸಿನೀರಲ್ಲಿ ಕೈ ಇಟ್ಟುಕೊಳ್ಳೋಕೆ ಹೇಳಿ” ಎಂದರು.

ಎಲ್ಲ ಮುಗಿಯಿತೆನ್ನುವಾಗ ಆಕೆ ಲೇಬಲ್ಲನ್ನು ಕ್ಯಾಮೆರಾಕ್ಕೆ ಹಿಡಿದು ಏನೋ ಕೇಳಿದಳು.

“ಪರಿಸರಸ್ನೇಹಿ ಅಂದ್ರೆ ಏನು, ಎಷ್ಟು, ಯಾರು ಅಳೆದರು ಅಂತ ಕೇಳ್ತಿದ್ದಾರೆ ಸಾರ್.”

“ಎಲೆ ಇದೆಯಲ್ಲ ಅಂತ ಹೇಳಿ.”

ಮೇಡಂ ಅದನ್ನು ಅವರಿಗೆ ಹೇಳಲಿಲ್ಲ. ಇವತ್ತಿಗೂ ಅವಳಿಗೆ ಅದಕ್ಕಾಗಿ ಋಣಿ. “ತೆಗೀತೀವಿ” ಎಂದಷ್ಟೇ ಹೇಳಿದಳು. ಎಲೆ ಉದುರಿತು, ಒಪ್ಪಿಗೆ ಬಂತು.

ಮೊದಲ ಸರಕು ಹೊರಟ ದಿನ ಪೆಟ್ಟಿಗೆಗಳನ್ನು ಲಾರಿಗೆ ಏರಿಸುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಹೊಸ ಬಾಟಲಿ ಆಸ್ಪತ್ರೆಯ ಔಷಧಿ ಬಾಟಲಿಯ ಹಾಗಿದೆ ಎಂದು ಇಬ್ಬರು ಆಡಿಕೊಂಡರು. ನನಗೆ ಕೋಪ ಬರಲಿಲ್ಲ. ಹಾಗೇ ಇದೆ. ಆಮೇಲೆ ನಮ್ಮ ಊರಿನ ಅಂಗಡಿಗಳಿಗೂ ಅದನ್ನೇ ಕಳಿಸತೊಡಗಿದೆವು. ಮನೆಯ ಬಚ್ಚಲಲ್ಲಿ ಈಗ ಒಂದೇ ಬಾಟಲಿ. ಬಕೆಟ್ಟಿನ ಹಿಂದೆ ನಾನು ಆಗಾಗ ಬಗ್ಗಿ ನೋಡುತ್ತೇನೆ, ಏನೂ ಸಿಕ್ಕಿಲ್ಲ.

ನಾಲ್ಕು ತಿಂಗಳಾದ ಮೇಲೆ ಅಲ್ಲಿಂದ ಒಂದು ಫೋಟೋ ಬಂತು. ಅವರ ಅಂಗಡಿಯ ಕಪಾಟು, ಉದ್ದಕ್ಕೆ ಸಾಲು ಸಾಲು ಶಾಂಪೂ. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ದೊಡ್ಡದು ಮಾಡಿ, ಎಡದಿಂದ ಬಲಕ್ಕೆ ಸರಿಸಿ, ಮತ್ತೆ ಬಲದಿಂದ ಎಡಕ್ಕೆ ಸರಿಸಿ ಹುಡುಕಿದೆ. ಎಲ್ಲವೂ ಪಾರದರ್ಶಕ, ಎಲ್ಲದಕ್ಕೂ ಸಣ್ಣ ಲೇಬಲ್ಲು, ಎಲ್ಲದಕ್ಕೂ ಸಾದಾ ಮುಚ್ಚಳ.

“ಚೆನ್ನಾಗಿ ಕಾಣ್ತಿದೆ” ಎಂದು ಒಂದರ ಮೇಲೆ ಬೆರಳಿಟ್ಟೆ.

“ಅದು ಬೇರೆಯವರದು ಕಣೋ. ನಮ್ಮದು ಕೆಳಗಿನ ಸಾಲಿನಲ್ಲಿದೆ. ಅಲ್ಲಿ ಬರೀ ಎರಡೇ ಉಳಿದಿದೆ ನೋಡು” ಎಂದಳು ಅಕ್ಕ.

ನೋಡಿದೆ. ಎರಡೇ ಇದ್ದವು. ಅವುಗಳ ಹಿಂದೆ ಖಾಲಿ ಜಾಗ ಸಾಕಷ್ಟಿತ್ತು.

ಈಗ ಅಕ್ಕ ಕೂದಲಿಗೆ ಹೊಡೆಯುವ ಸ್ಪ್ರೇ ಮಾಡುವ ಯೋಚನೆಯಲ್ಲಿದ್ದಾಳೆ. ಅದಕ್ಕೆ ಒತ್ತಡ ತುಂಬಿದ ತಗಡಿನ ಡಬ್ಬಿ ಬೇಕಂತೆ, ಅದರ ರೂಲ್ಸು ಇನ್ನೂ ಹೆಚ್ಚಂತೆ. ಲ್ಯಾಬ್ ಮೇಡಂ ಆಗಲೇ ಹದಿನಾಲ್ಕು ಪುಟ ಮುದ್ರಿಸಿ ನನ್ನ ಮೇಜಿನ ಮೇಲಿಟ್ಟಿದ್ದಾಳೆ. ಅತ್ತೆ ನಿನ್ನೆ ಊಟದ ಹೊತ್ತಿನಲ್ಲಿ, “ಈ ಸಲ ಯಾವತ್ತು ಬರಬೇಕು ಅಂತ ಮುಂಚೆನೇ ಹೇಳಿ, ನನಗೂ ಕೆಲಸ ಇರುತ್ತೆ” ಎಂದರು.